ಸೆನೆಟರನ ಕೊರಳಿನ ಚುಕ್ಕೆ

ಆ ಫೋನು ಕೈಗೆ ಬಂದ ದಿನವೇ ಕ್ಲಾರಿ ಟಕ್‌ವೆಲ್‌ನ ಗ್ರಹಚಾರ ಕೆಟ್ಟಿತು. ಪುರಸಭೆಯವರು ಅದನ್ನು ಪುಕ್ಕಟೆ ಕೊಟ್ಟಿದ್ದರು. ಸರ್ಕಾರ ಪುಕ್ಕಟೆ ಕೊಟ್ಟದ್ದನ್ನು ಎರಡೂ ಕೈ ಚಾಚಿ ತೆಗೆದುಕೊಂಡವನು ಆಮೇಲೆ ಅದೇ ಕೈಗಳಿಂದ ತಲೆ ಚಚ್ಚಿಕೊಳ್ಳಬೇಕಾಗುತ್ತದೆ. ನಮ್ಮ ಕುರಾಬಿಲ್ ಊರಿನಲ್ಲಿ ಇದು ನಾಯಿಗೂ ಗೊತ್ತು. ಕ್ಲಾರಿಗೆ ಮಾತ್ರ ಗೊತ್ತಿರಲಿಲ್ಲ.

ರಾಜಧಾನಿಯಲ್ಲಿ ಕೂತ ಮೇಧಾವಿಗಳು ಹೊಸ ಕಾನೂನು ಮಾಡಿದ್ದರು. ಇನ್ನು ಮುಂದೆ ಪುರಸಭೆಯ ಪ್ರತಿಯೊಬ್ಬ ನೌಕರನ ಫೋನೂ ಆಫೀಸಿನ ಪರದೆಯ ಮೇಲೆ ಒಂದು ಕೆಂಪು ಚುಕ್ಕೆಯಾಗಿ ಕಾಣುತ್ತದೆ. ಚುಕ್ಕೆ ಎಲ್ಲಿದೆಯೋ ನೌಕರ ಅಲ್ಲಿದ್ದಾನೆ. ಆಫೀಸಿನಿಂದ ಕರೆ ಬಂದರೆ ಫೋನು ತನ್ನಷ್ಟಕ್ಕೆ ತಾನೇ ಎತ್ತಿಕೊಂಡು, ಸುತ್ತಮುತ್ತಲಿನ ಸದ್ದನ್ನೆಲ್ಲ ಕೇಳಿಸುತ್ತದೆ. ಅಧಿಕಾರಿಗಳ ಹೆಂಡಿರಿಗೂ ಒಂದೊಂದು ಫೋನು. ಯಾಕೆ ಇದೆಲ್ಲ ಅಂದರೆ, ಕ್ಷೇಮಕ್ಕಾಗಿ! ಎಲ್ಲಿದ್ದೆ ಎಂದು ಹೆಂಡತಿ ಕೇಳಿದರೆ ಅದಕ್ಕೆ ಅನುಮಾನ ಅನ್ನುತ್ತೇವೆ, ಸರ್ಕಾರ ಕೇಳಿದರೆ ಕ್ಷೇಮ ಅನ್ನಬೇಕಂತೆ.

ಪುರಸಭೆಯ ಮ್ಯಾನೇಜರ್ ಡೆಸ್ ಹ್ಯಾಲಮ್ ಎಲ್ಲರನ್ನೂ ಒಟ್ಟು ಸೇರಿಸಿ ಭಾಷಣ ಮಾಡಿದ. ನಮ್ಮ ಕಡೆ ಬೇಸಿಗೆ ಶುರುವಾಗುವುದು ಡಿಸೆಂಬರಿಗೆ. ಬೇಸಿಗೆ ಬಂತೆಂದರೆ ಹುಲ್ಲಿನ ಧೂಳಿಗೆ ಅವನಿಗೆ ಸೀನು. ಬಂದರೆ ಒಂದಲ್ಲ, ಮೇಕೆ ಅರಚಿದ ಹಾಗೆ ಸಾಲಾಗಿ ಮೂರು.

"ನೋಡಿ, ಡಿಸೆಂಬರ್ ಒಂದನೇ ತಾರೀಕು ಬರ್ತಾ ಇದೆ. ನಿಷೇಧ ಮುಗಿದು ಕಾಡ್ ಮೀನು ಹಿಡಿಯೋಕೆ ನದಿ ತೆರೆಯೋ ದಿನ. ಪ್ರತಿವರ್ಷ ಅವತ್ತೇ ಅರ್ಧ ಆಫೀಸಿಗೆ ಹೊಟ್ಟೆನೋವು ಬರುತ್ತೆ. ಈ ಸಲ ಯಾರಿಗೆ ಬರುತ್ತೋ ನಾನೂ ನೋಡ್ತೀನಿ. ಕಾಯಿಲೆ ಅಂದವನ ಚುಕ್ಕೆ ಮನೇಲೇ ಇರಬೇಕು. ಆಕ್ಷೀ! ಆಕ್ಷೀ! ಆಕ್ಷೀ!"

ಮಾತು ಎಲ್ಲರಿಗೆ, ನೋಟ ಮಾತ್ರ ಕ್ಲಾರಿಯ ಮೇಲೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕ್ಲಾರಿ ಹೊಟ್ಟೆ ಮುಟ್ಟಿಕೊಂಡ. ಪುರಸಭೆಯ ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್ ಓಡಿಸುವ ಈ ಬಡಪಾಯಿ ಹೋದ ವರ್ಷ ಅದೇ ದಿನ, ಅದೇ ಹೊಟ್ಟೆನೋವಿನಲ್ಲಿ, ನದಿಯ ದಂಡೆಯ ಮೇಲೆ ಸಿಕ್ಕಿಬಿದ್ದಿದ್ದ. ಇನ್ನೊಂದು ಸಲ ಸಿಕ್ಕಿದರೆ ಅವನ ದೀರ್ಘ ಸೇವೆಯ ರಜೆ ರದ್ದು ಎಂದು ಡೆಸ್ ಖಡಾಖಂಡಿತವಾಗಿ ಹೇಳಿದ್ದ. ಆ ರಜೆಗಾಗಿ ಕ್ಲಾರಿ ಹದಿನೈದು ವರ್ಷ ಹುಲ್ಲು ಕತ್ತರಿಸಿದ್ದ. ಮುಂದಿನ ಸೋಮವಾರ ಅವನೂ ಹೆಂಡತಿ ನೊಲೀನಳೂ ಕಾರಿನ ಹಿಂದೆ ಕ್ಯಾರವಾನ್ ಎಂಬ ಗಾಲಿಮನೆ ಕಟ್ಟಿಕೊಂಡು ಉತ್ತರದ ಕಡಲತೀರಕ್ಕೆ ಮೂರು ತಿಂಗಳು ಹೊರಡುವವರು. ನೊಲೀನ್ ಅದರ ಕಿಟಕಿಗೆ ಹೊಸ ಪರದೆ ಕೂಡ ಹೊಲಿದಿಟ್ಟಿದ್ದಳು.

"ಸೋಮವಾರದ ತನಕ ಬಾಲ ಮುದುರಿಕೊಂಡು ಇರು ಕ್ಲಾರಿ. ಈ ರಜೆ ಹೋಯ್ತೋ, ನಾನು ಕ್ಯಾರವಾನ್ ತಗೊಂಡು ಒಬ್ಬಳೇ ಹೋಗ್ತೀನಿ, ಹೇಳಿರ್ತೀನಿ."

"ಛೆ ಛೆ, ನಾನ್ಯಾಕೆ ನದಿ ಕಡೆ ತಲೆ ಹಾಕಲಿ?" ಎಂದ ಕ್ಲಾರಿ. ಹಾಗೆನ್ನುವಾಗಲೇ ಅವನ ಕಿವಿಯಲ್ಲಿ ಗಾಳದ ಗಾಲಿ ಕಿರ್ರೆನ್ನುತ್ತಿತ್ತು.

ಡಿಸೆಂಬರ್ ಒಂದು ಬಂತು. ನೊಲೀನ್ ಬೆಳಕು ಹರಿಯುವ ಮೊದಲೇ ಬೇಕರಿ ಕೆಲಸಕ್ಕೆ ಹೋದಳು. ಕ್ಲಾರಿ ಮಂಚದಿಂದ ತಲೆ ಕೆಳಗೆ ಜೋತುಬಿಟ್ಟುಕೊಂಡು ಆಫೀಸಿಗೆ ಫೋನು ಮಾಡಿದ. ತಲೆಕೆಳಗಾದರೆ ದನಿ ಮೂಗಿಗೆ ಇಳಿದು, ಸಾಯುವವನ ಹಾಗೆ ಕೇಳಿಸುತ್ತದೆ. ನಮ್ಮಲ್ಲಿ ಇದನ್ನು ಮಕ್ಕಳು ಶಾಲೆಯಲ್ಲೇ ಕಲಿತಿರುತ್ತಾರೆ.

ಫೋನಿಗೆ ಸಿಕ್ಕಿದ್ದು ಐವಿ. ಆಫೀಸಿನಲ್ಲಿ ಚುಕ್ಕೆಗಳ ಪರದೆ ಕಾಯುವವಳು ಇವಳೇ, ಕ್ಲಾರಿಯ ಪಕ್ಕದ ಮನೆಯವಳೂ ಇವಳೇ. ಮೂವತ್ತು ವರ್ಷ ಕಿಟಕಿಯ ಪರದೆ ಸರಿಸಿ ಬೀದಿ ನೋಡಿ ಪಳಗಿದವಳಿಗೆ ಸರ್ಕಾರ ಈಗ ಸಂಬಳ ಕೊಟ್ಟು ಇನ್ನೊಂದು ಪರದೆ ಕೊಟ್ಟಿತ್ತು. ಅವಳಿನ್ನೂ ಮನೆ ಬಿಟ್ಟಿರಲಿಲ್ಲ. ಆಫೀಸಿನ ಕರೆಗಳೆಲ್ಲ ಬೆಳಿಗ್ಗೆ ಅವಳ ಮನೆಗೇ ಬರುತ್ತಿದ್ದವು.

"ಅಯ್ಯೋ ಪಾಪ! ಮಲಗು ಮಲಗು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನಿದ್ದೀನಿ, ನೋಡ್ತಾನೇ ಇರ್ತೀನಿ."

ಆ ಕೊನೆಯ ಮಾತೇ ಕ್ಲಾರಿಗೆ ಭಯ. ಫೋನನ್ನು ದಿಂಬಿನ ಮೇಲಿಟ್ಟು ಹೋಗೋಣವೆಂದರೆ ಅದೂ ಆಗದು. ಲೈಬ್ರರಿಯವನೊಬ್ಬ ಹಾಗೆ ಮಾಡಿದ್ದಕ್ಕೆ, ಚುಕ್ಕೆ ಅಲುಗಾಡಲಿಲ್ಲ, ಆಸಾಮಿ ಸತ್ತಿರಬೇಕು ಎಂದು ಆಂಬುಲೆನ್ಸ್ ಕಳಿಸಿ ಬಾಗಿಲು ಒಡೆಸಿದ್ದರು. ಕಾಯಿಲೆಯವನ ಚುಕ್ಕೆ ಮನೆಯಲ್ಲಿರಬೇಕು, ಆದರೆ ಆಗಾಗ ಮಂಚದಿಂದ ಕಕ್ಕಸಿಗೆ ಹೋಗಿ ಬರಬೇಕು. ಅಂಥವನನ್ನು ಎಲ್ಲಿಂದ ತರುವುದು?

ಆಗ ಮಂಚದ ಕೆಳಗೆ ಸೆನೆಟರ್ ಆಕಳಿಸಿದ.

ಸೆನೆಟರ್ ಎಂದರೆ ಕ್ಲಾರಿಯ ನಾಯಿ. ಬಿಟ್ಟಿ ತಿನ್ನುವುದು, ದಿನವಿಡೀ ನಿದ್ದೆ ಹೊಡೆಯುವುದು, ಯಾರಾದರೂ ಎಬ್ಬಿಸಿದರೆ ನಾಲ್ಕು ಸಲ ಬೊಗಳುವುದು, ಇಷ್ಟೇ ಅವನ ಕಸುಬಾದ್ದರಿಂದ ರಾಜಧಾನಿಯ ಮೇಲ್ಮನೆ ಸದಸ್ಯರ ಆ ಹೆಸರು ತಾನಾಗಿ ಬಂದಿತ್ತು. ಕ್ಲಾರಿ ಫೋನನ್ನು ಅವನ ಕೊರಳಪಟ್ಟಿಗೆ ದಾರದಿಂದ ಬಿಗಿದ.

"ಇವತ್ತೊಂದು ದಿನ ನನ್ನ ಪರವಾಗಿ ಕಾಯಿಲೆ ಬೀಳಪ್ಪ. ಹೊರಗೆ ಮಾತ್ರ ಹೋಗಬೇಡ."

ಗೇಟು ಭದ್ರ ಮಾಡಿದ. ಕಾರನ್ನು ಸಾಕ್ಷಿಗೆಂದು ಮನೆ ಮುಂದೆಯೇ ಬಿಟ್ಟು, ಹಳೆ ಸೈಕಲ್ ಹತ್ತಿ ಹಿಂದಿನ ಓಣಿಯಿಂದ ಜಾರಿಕೊಂಡ.

ಮರ್ರೆ ನದಿಯ ದಂಡೆಯಲ್ಲಿ ಆ ದಿನಕ್ಕೊಂದು ಮರ್ಯಾದೆಯಿದೆ. ಕೆಲಸದ ದಿನ ಕಾಡ್ ಹಿಡಿಯಲು ಬಂದವರು ಯಾರೂ ಯಾರನ್ನೂ ನೋಡುವುದಿಲ್ಲ. ಎದುರಿಗೆ ಸ್ವಂತ ಅಣ್ಣ ಕೂತಿದ್ದರೂ ಅದು ಮರದ ಬೊಡ್ಡೆ ಎಂದೇ ತಿಳಿಯಬೇಕು. ಕ್ಲಾರಿ ಸೇತುವೆಯ ಹತ್ತಿರ ಕೂತ. ಆಚೆ ತಿರುವಿನಲ್ಲಿ ಮೂಗಿನ ತನಕ ಟೋಪಿ ಎಳೆದುಕೊಂಡ ಬೊಡ್ಡೆಯೊಂದು ಗಾಳ ಹಿಡಿದು ಕೂತಿತ್ತು. ಸ್ವಲ್ಪ ಹೊತ್ತಿಗೆ ಆ ಬೊಡ್ಡೆ "ಆಕ್ಷೀ! ಆಕ್ಷೀ! ಆಕ್ಷೀ!" ಎಂದಿತು. ಕ್ಲಾರಿ ಮರ್ಯಾದಸ್ಥ, ತಿರುಗಿ ನೋಡಲಿಲ್ಲ. ತಲೆಯ ಮೇಲೆ ಸೇತುವೆಯಲ್ಲಿ ಮ್ಯಾನೇಜರ್ ಹೆಂಡತಿ ಫೆಲಿಸಿಟಿಯ ಹಳದಿ ಕಾರು ಆಚೆ ದಡದ ಜೂಜಿನ ಕ್ಲಬ್ಬಿನ ಕಡೆಗೆ ಓಡಿತು. ಅದನ್ನೂ ಅವನು ನೋಡಲಿಲ್ಲ, ಅಂದರೆ ನೋಡಿದ. ಅಷ್ಟರಲ್ಲಿ ಗಾಳ ಜಗ್ಗಿತು. ಆಹಾ, ಎಂಥ ಮೀನು! ತೊಡೆಗಾತ್ರದ ಕಾಡ್. ಹದಿನೈದು ವರ್ಷದಲ್ಲಿ ಅಂಥದ್ದು ಅವನ ಗಾಳಕ್ಕೆ ಬಿದ್ದಿರಲಿಲ್ಲ. ಕಣ್ಣಲ್ಲಿ ನೀರೇ ಬಂತು.

ಮೀನನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಸಂಜೆಯ ಹೊತ್ತಿಗೆ ಶಿಳ್ಳೆ ಹಾಕುತ್ತ ಓಣಿಯಿಂದ ಹಿತ್ತಲಿಗೆ ಬಂದರೆ, ಶಿಳ್ಳೆ ತುಟಿಯಲ್ಲೇ ಸತ್ತಿತು. ಜಗಲಿಯ ಮೇಲೆ ಡೆಸ್, ಫೆಲಿಸಿಟಿ, ಐವಿ ಸಾಲಾಗಿ ನಿಂತಿದ್ದರು. ನೊಲೀನ್ ಬೇಕರಿಯ ಹಿಟ್ಟು ಮೆತ್ತಿದ ಕೈಯಲ್ಲೇ ಸೊಂಟ ಹಿಡಿದಿದ್ದಳು. ಸೆನೆಟರ್ ಮಾತ್ರ ಮೂಲೆಯಲ್ಲಿ ಗಾಢನಿದ್ದೆಯಲ್ಲಿದ್ದ. ಅವನ ಕೊರಳಲ್ಲಿ ಹರಿದ ದಾರದ ತುಂಡಿತ್ತು, ಫೋನಿರಲಿಲ್ಲ. ಅದು ಡೆಸ್‌ನ ಕೈಯಲ್ಲಿತ್ತು.

"ಎಲ್ಲಿ ಹೋಗಿದ್ದೆ ಅಂತ ನಾವು ಕೇಳೋದಿಲ್ಲ ಕ್ಲಾರಿ. ನಮಗೆ ಎಲ್ಲಾ ಗೊತ್ತು," ಎಂದ ಡೆಸ್. "ಓದು ಐವಿ."

ಐವಿ ಪುರಾಣ ಓದುವವಳ ಹಾಗೆ ಗಂಟಲು ಸರಿಮಾಡಿಕೊಂಡಳು. "ಬೆಳಿಗ್ಗೆ ನಾನೇ ಸೂಪ್ ತಂದು ಹಿಂಬಾಗಿಲ ಹತ್ರ ಇಟ್ಟು ಹೋದೆ. ಆಗ ಚುಕ್ಕೆ ಮನೇಲೇ ಇತ್ತು. ನಾನು ಆಫೀಸು ಸೇರೋ ಹೊತ್ತಿಗೆ ಹೊರಟಿದೆ ನೋಡು! ಮೊದಲು ಕಸಾಯಿ ಅಂಗಡಿ ಹಿತ್ತಲು. ಆಮೇಲೆ ಮುದುಕರು ಚೆಂಡು ಉರುಳಿಸೋ ಬೌಲ್ಸ್ ಕ್ಲಬ್ಬಿನ ಹುಲ್ಲುಹಾಸು, ನಟ್ಟನಡುವೆ ನಿಂತಿದ್ದೀಯ, ಅಲ್ಲೇನು ಮಾಡಿದ್ಯೋ ದೇವರಿಗೇ ಗೊತ್ತು. ಆಮೇಲೆ ಶಾಲೆಯ ಕಸದ ಡಬ್ಬಿ, ಒಂದೊಂದಾಗಿ ಎಲ್ಲಾ ಡಬ್ಬಿ. ಕಡೆಗೆ..." ಐವಿ ದನಿ ತಗ್ಗಿಸಿದಳು. "ಕಡೆಗೆ ಡೆಸ್ ಅವರ ಮನೆ. ಮಲಗೋ ಕೋಣೆ. ಮೂರು ಗಂಟೆ ಹೊತ್ತು! ಈ ಫೋನು ಸಿಕ್ಕಿದ್ದೂ ಅಲ್ಲೇ, ಮಂಚದ ಕೆಳಗೆ!"

ಅವಳು ಸೂಪ್ ತಂದದ್ದು ಕರುಣೆಯಿಂದಲ್ಲ, ಕಾಯಿಲೆ ನಿಜವೋ ಸುಳ್ಳೋ ಮೂಸಿ ನೋಡಲು. ಬಂದವಳು ಗೇಟು ಹಾಕಲಿಲ್ಲ. ಗೇಟು ಹಾಕಿದರೆ ಮತ್ತೆ ಬರಲು ತಡವಾಗುತ್ತದೆ ಎಂದು ಅವಳು ಯಾರ ಮನೆ ಗೇಟನ್ನೂ ಹಾಕುವವಳಲ್ಲ.

"ನಾನು ಫೋನ್ ಮಾಡ್ದೆ," ಐವಿ ಮುಂದುವರಿಸಿದಳು. "ಅದೇ ಎತ್ತಿಕೊಳ್ತು. ಬರೀ ಏದುಸಿರು! ಏದುಸಿರು, ಮಧ್ಯೆ ಮಧ್ಯೆ ಕುಂಯ್‌ಗುಡೋದು! ನನ್ನ ಕಿವಿ ಕೆಂಪಾಗಿ ಹೋಯ್ತು. ಆದ್ರೂ ಕರ್ತವ್ಯ ಅಂತ ಪೂರ್ತಿ ಕೇಳಿಸಿಕೊಂಡೆ."

ನೊಲೀನ್ ಅತ್ತಳು. "ಈ ವಯಸ್ಸಲ್ಲಿ! ಪರದೆ ಹೊಲಿದೆನಲ್ಲೋ ನಿನಗಾಗಿ!"

ಕ್ಲಾರಿಗೆ ಈಗ ಎಲ್ಲ ಹೊಳೆಯಿತು. ಫೆಲಿಸಿಟಿಯ ಮುದ್ದಿನ ಹೆಣ್ಣುನಾಯಿ ಡಚೆಸ್ ಬೆದೆಗೆ ಬಂದು ವಾರದಿಂದ ಊರಿನ ನಾಯಿಗಳೆಲ್ಲ ಆ ಮನೆ ಸುತ್ತುತ್ತಿದ್ದವು. ಡಚೆಸ್ ಮಲಗುತ್ತಿದ್ದದ್ದು ಯಜಮಾನಿಯ ಕೋಣೆಯಲ್ಲೇ, ಓಡಾಡಲು ಅವಳಿಗೆಂದೇ ಹಿಂಬಾಗಿಲಲ್ಲೊಂದು ಕಿಂಡಿಯೂ ಇತ್ತು. ಆದರೆ ನಾಯಿ ಅಂದರೆ ತಾನು ಎಲ್ಲಿದ್ದೆ ಎಂದು ಹೇಳಬೇಕು, ಹೇಳಿದರೆ ರಜೆ ಹೋಯಿತು. ಹೇಳದಿದ್ದರೆ ಹೆಂಡತಿಯೇ ಹೋದಳು. ಅತ್ತ ದರಿ, ಇತ್ತ ಪುಲಿ. ಕ್ಲಾರಿ ನೊಲೀನಳ ಮುಖ ನೋಡಿ, ಕಣ್ಣು ಮುಚ್ಚಿ ದರಿಗೆ ಹಾರಿಯೇಬಿಟ್ಟ.

"ರಜೆ ಹಾಳಾಗಿ ಹೋಗಲಿ! ನಾನು ನದಿಗೆ ಹೋಗಿದ್ದೆ. ಫೋನು ನಾಯಿ ಕೊರಳಲ್ಲಿತ್ತು. ಬೇಕಾದ್ರೆ ಮೀನು ನೋಡಿ!"

"ಸುಳ್ಳು," ಎಂದಳು ಐವಿ. "ನಿನ್ನ ಚುಕ್ಕೆ ನದಿ ಹತ್ರ ಸುಳಿದೇ ಇಲ್ಲ."

"ಮೀನು ಎದುರಿಗೇ ಇದೆಯಲ್ಲೇ!"

"ಮೀನು ಅಂಗಡೀಲೂ ಸಿಗುತ್ತೆ. ಮನುಷ್ಯ ಸುಳ್ಳು ಹೇಳ್ತಾನೆ, ಚುಕ್ಕೆ ಹೇಳಲ್ಲ. ಡೆಸ್ ಅವರನ್ನ ನೋಡಿ ಕಲಿ. ಬೆಳಿಗ್ಗೆಯಿಂದ ಅವರ ಚುಕ್ಕೆ ಆಫೀಸಿನ ಮೇಜು ಬಿಟ್ಟು ಅಲ್ಲಾಡಿಲ್ಲ. ಕಕ್ಕಸಿಗೂ ಹೋಗಿಲ್ಲ ಪುಣ್ಯಾತ್ಮ!"

ಡೆಸ್ ಎದೆಯುಬ್ಬಿಸಿದ. ಅಷ್ಟರಲ್ಲಿ ಗಾಳಿ ಬೀಸಿ ಹಿತ್ತಲಿನ ಒಣಹುಲ್ಲು ಅಲುಗಿತು. "ಆಕ್ಷೀ! ಆಕ್ಷೀ! ಆಕ್ಷೀ!"

ಕ್ಲಾರಿ ಬೆಚ್ಚಿ ಅವನ ಕಾಲ ಕಡೆ ನೋಡಿದ. ಮಿರುಗುವ ಬೂಟಿನ ಅಂಚಿನಲ್ಲಿ ನದಿಯ ಬೂದುಬಣ್ಣದ ಕೆಸರು ಮೆತ್ತಿತ್ತು.

"ಡೆಸ್," ಎಂದ ಕ್ಲಾರಿ ಮೆಲ್ಲಗೆ. "ಆ ತಿರುವಿನಲ್ಲಿ ಏನಾದ್ರೂ ಬಿತ್ತಾ?"

ಡೆಸ್‌ನ ಮುಖ ಸುಣ್ಣವಾಯಿತು. ಕ್ಲಾರಿಯನ್ನು ನದಿಯಲ್ಲಿ ಕಣ್ಣಾರೆ ಕಂಡಿದ್ದೂ ಹೆಂಡತಿಯ ಮಾನವನ್ನು ಬೀದಿಗಿಟ್ಟು ನಿಂತಿದ್ದ ಮಹಾನುಭಾವ! ಫೋನನ್ನು ಮೇಜಿನ ಡ್ರಾಯರಿನಲ್ಲಿ ಬಿಟ್ಟು ಹೋಗಿದ್ದೆ ಅನ್ನುವುದಕ್ಕಿಂತ, ಹೆಂಡತಿ ಟ್ರ್ಯಾಕ್ಟರಿನವನ ಜೊತೆ ಇದ್ದಳು ಅನ್ನುವುದೇ ಅವನಿಗೆ ಹಗುರವಾಗಿತ್ತು.

ಕ್ಲಾರಿ ಫೆಲಿಸಿಟಿಯ ಕಡೆ ತಿರುಗಿದ. "ನೀವಾದ್ರೂ ಹೇಳಿ. ಇವತ್ತು ಮನೇಲಿದ್ರಾ? ಹಳದಿ ಕಾರು ಸೇತುವೆ ಮೇಲೆ..."

ಆಕೆ ಥಟ್ಟನೆ ಮಾತು ಕತ್ತರಿಸಿದಳು. "ಇದ್ದೆ! ನನ್ನ ಫೋನು ಮನೇಲಿತ್ತು ಅಂದ್ಮೇಲೆ ನಾನೂ ಮನೇಲೇ ಇದ್ದೆ. ಆದ್ರೆ... ಹಿತ್ತಲಲ್ಲಿದ್ದೆ. ಒಳಗೆ ಏನಾಯ್ತೋ ನಂಗೊತ್ತಿಲ್ಲ." ಇನ್ನು ಜೂಜಿಗೆ ಹೋಗುವುದಿಲ್ಲ ಎಂದು ಗಂಡನ ತಲೆ ಮುಟ್ಟಿ ಆಣೆ ಮಾಡಿದ್ದವಳು ಅವಳು.

ಅವತ್ತು ನಮ್ಮೂರಿನಲ್ಲಿ ಚುಕ್ಕೆ ತೋರಿಸಿದ ಜಾಗದಲ್ಲೇ ಇದ್ದ ಪ್ರಾಮಾಣಿಕ ಜೀವಿಯೆಂದರೆ ಸೆನೆಟರ್ ಒಬ್ಬನೇ. ಅವನು ಗೊರಕೆ ಹೊಡೆಯುತ್ತಿದ್ದ.

ಡೆಸ್ ಕ್ಲಾರಿಯ ಹೆಗಲ ಮೇಲೆ ಕೈ ಹಾಕಿ ದಾಳಿಂಬೆ ಗಿಡದ ಮರೆಗೆ ಕರೆದುಕೊಂಡು ಹೋದ. "ನೀನು ನನ್ನ ನೋಡಿಲ್ಲ, ನಾನು ನಿನ್ನ ನೋಡಿಲ್ಲ. ನಿನ್ನ ರಜೆ ಉಳಿಸೋದು ನನ್ನ ಜವಾಬ್ದಾರಿ. ಸುಮ್ನೆ ತಲೆ ಆಡ್ಸು, ಸಾಕು."

ಹೊರಗೆ ಬಂದವನೇ ಭಾಷಣದ ದನಿ ತೆಗೆದ. "ಗುಟ್ಟು ಇನ್ನು ಮುಚ್ಚಿಡೋಕೆ ಆಗಲ್ಲ. ಕ್ಲಾರಿಗೆ ಕಾಯಿಲೆಯೂ ಇಲ್ಲ, ಏನೂ ಇಲ್ಲ. ಊರಿನ ನೈರ್ಮಲ್ಯ ಗುಪ್ತವಾಗಿ ತಪಾಸಣೆ ಮಾಡು ಅಂತ ನಾನೇ ಹೇಳಿದ್ದೆ. ಕಸಾಯಿ ಅಂಗಡಿ, ಹುಲ್ಲುಹಾಸು, ಕಸದ ಡಬ್ಬಿ, ಕಡೆಗೆ ನಮ್ಮ ಮಲಗೋ ಕೋಣೆ ಪಕ್ಕದ ಚರಂಡಿ ಪೈಪು. ಅದನ್ನ ಬಿಚ್ಚೋಕೆ ಮೂರು ಗಂಟೆ ಬೇಕೇ ಬೇಕು. ಏದುಸಿರೂ ಬರುತ್ತೆ."

ಕ್ಲಾರಿ ತಲೆಯಾಡಿಸಿದ. ನೊಲೀನ್ ಕಣ್ಣೊರೆಸಿಕೊಂಡು ಓಡಿಬಂದು ಅವನನ್ನು ಹಿಟ್ಟಿನ ಕೈಯಲ್ಲೇ ತಬ್ಬಿದಳು. "ಮೊದಲೇ ಹೇಳಬಾರದಾಗಿತ್ತಾ ಮಂಕೇ!" ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಎಂದುಕೊಂಡ ಕ್ಲಾರಿ. ಮಾನ ಉಳಿಯಿತು, ಹೆಂಡತಿ ಉಳಿದಳು, ರಜೆ ಉಳಿಯಿತು, ಮೀನೂ ಉಳಿಯಿತು!

ಐವಿ ಕರ್ತವ್ಯನಿಷ್ಠೆಯ ಹೆಂಗಸು. 'ಗುಪ್ತ ತಪಾಸಣೆ' ಎಂದು ಅಲ್ಲೇ ಫೋನಿನಲ್ಲಿ ಒತ್ತಿ ರಾಜಧಾನಿಯ ಯಂತ್ರಕ್ಕೆ ಕಳಿಸಿಬಿಟ್ಟಳು. ಯಂತ್ರಕ್ಕೆ ಯೋಚನೆ ಎಂಬ ರೋಗವಿಲ್ಲವಾದ್ದರಿಂದ ಉತ್ತರ ಕೂಡಲೇ ಬಂತು. ಐವಿ ಹೆಮ್ಮೆಯಿಂದ ಓದಿದಳು.

"ಸದರಿ ನೌಕರ ಒಂದೇ ದಿನದಲ್ಲಿ ಕ್ರಮಿಸಿರುವ ದೂರ ಪುರಸಭೆಯ ಇತಿಹಾಸದಲ್ಲೇ ಅತಿ ಹೆಚ್ಚು. ಇಂಥ ನೌಕರನ ಸೇವೆ ಅನಿವಾರ್ಯ. ಸೋಮವಾರದಿಂದ ಪ್ರತಿದಿನ ಇದೇ ಹಾದಿಯಲ್ಲಿ, ಇದೇ ವೇಗದಲ್ಲಿ ತಪಾಸಣೆ ಮುಂದುವರಿಸತಕ್ಕದ್ದು. ದೀರ್ಘ ಸೇವೆಯ ರಜೆಯನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಗಿದೆ. ಅಭಿನಂದನೆಗಳು."

ಕ್ಲಾರಿ ಡೆಸ್‌ನ ಮುಖ ನೋಡಿದ. ಡೆಸ್ ಆಕಾಶ ನೋಡಿದ.

ಸೋಮವಾರ ಬೆಳಿಗ್ಗೆ ಕ್ಯಾರವಾನ್ ಹೊರಟಿತು. ಸ್ಟಿಯರಿಂಗ್ ಹಿಡಿದವಳು ನೊಲೀನ್. ಪರದೆ ಹೊಲಿದ ಮೇಲೆ ಮನೆಯಲ್ಲಿ ಕೂರುವ ಹೆಂಗಸಲ್ಲ ಅವಳು. ಪಕ್ಕದಲ್ಲಿ ಹೊಸ ಟೋಪಿ ಹಾಕಿಕೊಂಡು ಐವಿ ಕೂತಿದ್ದಳು. ಅವಳಿಗೂ ರಜೆ ಬಾಕಿಯಿತ್ತು, ಕೂಡಲೇ ಮಂಜೂರಾಗಿತ್ತು.

"ಐವಿ, ನೀನು ಹೋದ್ರೆ ಅಲ್ಲಿ ಪರದೆ ನೋಡೋರು ಯಾರು?" ಎಂದು ಕ್ಲಾರಿ ಕೂಗಿ ಕೇಳಿದ.

"ಯಾರೂ ಇಲ್ಲ ಕಣೋ! ನೀನು ನಡೀತಾ ಇರು, ಯಂತ್ರ ಲೆಕ್ಕ ಇಟ್ಕೊಳ್ಳುತ್ತೆ!"

ಗಾಡಿ ಮೂಲೆ ತಿರುಗಿತು. ಫೋನು ಈಗ ಕ್ಲಾರಿಯ ಕೊರಳಲ್ಲಿ ತೂಗುತ್ತಿತ್ತು. ದಿನವೂ ಅದೇ ಹಾದಿಯಲ್ಲಿ ನಡೆಯಬೇಕು, ಆದರೆ ಆ ಹಾದಿ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಗೇಟಿನ ಹತ್ತಿರ ಮೈಮುರಿಯುತ್ತ ಎದ್ದು ನಿಂತಿದ್ದ.

"ನಡೀರಿ ಸೆನೆಟರ್," ಎಂದ ಕ್ಲಾರಿ. "ಮೊದಲು ಎಲ್ಲಿಗೆ?"

ಸೆನೆಟರ್ ಬಾಲ ಎತ್ತಿಕೊಂಡು ಕಸಾಯಿ ಅಂಗಡಿಯ ಹಿತ್ತಲಿನ ಕಡೆ ಹೊರಟ. ಕ್ಲಾರಿ ಅವನ ಹಿಂದೆ ಹೊರಟ.