ಮಾಸ್ಟರ ಪ್ಯಾಂಟಿನ ಸೊಂಟ

"ಮೂರೇ ತಿಂಗಳು! ಈ ಹೊಟ್ಟೆ ಇರಬೇಕು, ಇಲ್ಲಾ ನಾನಿರಬೇಕು!"

ಹೀಗೆಂದು ಟೈಲರ್ ಮಾಸ್ಟರು ಅಂಗಡಿಯ ನಟ್ಟನಡುವೆ ನಿಂತು, ಕತ್ತರಿ ಎತ್ತಿ ಹಿಡಿದು ಘೋರ ಪ್ರತಿಜ್ಞೆ ಮಾಡಿದರು. ಕೇಳಿಸಿಕೊಂಡವಳು ಮೂಲೆಯಲ್ಲಿ ಗುಂಡಿ ಹಾಕುತ್ತಿದ್ದ ಹೆಂಡತಿ ಒಬ್ಬಳೇ.

"ಮೊದಲು ಕತ್ತರಿ ಕೆಳಗಿಡಿ," ಎಂದಳು.

ಪ್ರತಿಜ್ಞೆಗೆ ಕಾರಣ ಮಾಸ್ಟರ ಮೊಣಕಾಲು. ಅರವತ್ತು ಹತ್ತಿರವಾದಂತೆ ಅದಕ್ಕೂ ಮಾತು ಬಂದಿತ್ತು. ಎದ್ದರೆ ಲಟ್, ಕೂತರೆ ಲಟ್! ಡಾಕ್ಟರು ಮುಲಾಜಿಲ್ಲದೆ ಹೇಳಿದ್ದರು: "ತೂಕ ಇಳಿಸಿ. ಇಲ್ಲಾಂದ್ರೆ ಹೊಲಿಗೆ ಮಿಷನ್ ತುಳಿಯೋದನ್ನ ಮರೆತುಬಿಡಿ." ಮಿಷನ್ ತುಳಿಯದೆ ಬದುಕುವುದು ಹೇಗೆಂದು ಮಾಸ್ಟರಿಗೆ ಗೊತ್ತಿರಲಿಲ್ಲ. ಆ ಚಿಂತೆಯಲ್ಲಿ ಅವರು ಅವತ್ತು ಊಟವನ್ನೇ ಬಿಟ್ಟರು. ಮಧ್ಯಾಹ್ನದ್ದು ಮಾತ್ರ.

"ಮನೆಗೊಂದು ತೂಕದ ಮಿಷನ್ ತರೋಣ್ವಾ?" ಎಂದಳು ಹೆಂಡತಿ.

"ನನಗಾ? ಊರಿನವರ ಸೊಂಟವೆಲ್ಲ ನನ್ನ ಬೆರಳ ತುದಿಯಲ್ಲಿದೆ ಕಣೇ!"

ಸುಳ್ಳಲ್ಲ. ಅಳತೆಗೆಂದು ಹೊಟ್ಟೆ ಎಳೆದುಕೊಂಡು ನಿಲ್ಲುವ ಗಿರಾಕಿಗಳಿಗೆಲ್ಲ ಅವರದು ಒಂದೇ ಗದರಿಕೆ: "ಉಸಿರು ಬಿಡಿ ಸಾರ್! ಟೇಪಿನ ಮುಂದೆ ಸುಳ್ಳು ನಡೆಯಲ್ಲ!"

ತಮಗೆಂದು ಒಂದು ಬಿಗಿ ಪ್ಯಾಂಟು ಹೊಲಿದುಕೊಂಡರು. ಅದು ಸಲೀಸಾಗಿ ಹಿಡಿಸಿದ ದಿನ ಗೆದ್ದಂತೆ! ಕೈ ಅಭ್ಯಾಸಬಲದಿಂದ ಸೊಂಟದ ಹೊಲಿಗೆಯೊಳಗೆ ಒಂದಿಷ್ಟು ಹೆಚ್ಚು ಬಟ್ಟೆ ಬಿಟ್ಟಿತ್ತು. ಮುಂದೆ ಬೇಕಾದರೆ ಬಿಚ್ಚಿ ಅಗಲ ಮಾಡಲು ಎಲ್ಲ ಗಿರಾಕಿಗಳಿಗೂ ಹಾಗೇ ಬಿಡುತ್ತಿದ್ದರು.

ಮೊದಮೊದಲು ಪ್ಯಾಂಟು ಹಾಕುವುದೆಂದರೆ ಯುದ್ಧ. ಉಸಿರು ಬಿಗಿಹಿಡಿದು, ಮುಖ ಟೊಮೇಟೊ ಮಾಡಿಕೊಂಡು, ಮಂಚದ ಮೇಲೆ ಬಿದ್ದು ಹೊರಳಾಡಿ ಗುಂಡಿ ಹಾಕುತ್ತಿದ್ದರು. ಬೆಳಿಗ್ಗೆ ನಡಿಗೆ, ರಾತ್ರಿ ಬರೀ ಸೂಪು. ಒಂದು ದಿನ ನೋಡಿದರೆ ಗುಂಡಿ ತಾನಾಗೇ ಹೋಗಿ ಕೂತಿತು!

"ನೋಡಿದ್ಯಾ?"

"ನೋಡ್ತಾನೇ ಇದೀನಿ," ಎಂದ ಹೆಂಡತಿ ಸೂಜಿಯಿಂದ ಕಣ್ಣೆತ್ತಲಿಲ್ಲ.

ಗೆದ್ದವರಿಗೆ ಬಹುಮಾನ ಬೇಡವೆ? ನಡಿಗೆ ಬೇಕರಿಯವರೆಗೆ ಬೆಳೆಯಿತು, ಆಮೇಲೆ ಬೇಕರಿಯಲ್ಲೇ ನಿಂತಿತು. ಎರಡು ಬನ್ನು, ಬೆಣ್ಣೆ ಹಚ್ಚಿದ್ದು. ಆದರೂ ಪ್ಯಾಂಟು ಸಡಿಲ! "ತಿಂದಷ್ಟೂ ಕರಗೋ ಶರೀರ ನಂದು," ಎಂದು ಗಿರಾಕಿಗಳಿಗೆ ಉಪನ್ಯಾಸ ಬೇರೆ.

ಮೂರು ತಿಂಗಳಾದ ಮೇಲೆ ಮೀಸೆ ತಿರುವುತ್ತ ಡಾಕ್ಟರ ತೂಕದ ಮಿಷನ್ ಹತ್ತಿದರು.

"ಏನ್ರೀ ಮಾಸ್ಟರೇ, ಮೂರು ಕೆಜಿ ಜಾಸ್ತಿಯಾಗಿದೀರಿ!"

"ನಿಮ್ಮ ಮಿಷನ್ ಕೆಟ್ಟಿದೆ ಡಾಕ್ಟ್ರೇ! ನನ್ನ ಪ್ಯಾಂಟ್ ನೋಡಿ!"

"ನಾನು ಔಷಧಿ ಕೊಡ್ತಿರೋದು ನಿಮ್ಮ ಮೊಣಕಾಲಿಗೆ, ಪ್ಯಾಂಟಿಗಲ್ಲ."

ಮನೆಗೆ ಬಂದವರೇ ಪ್ಯಾಂಟನ್ನು ಒಳಗು ಹೊರಗು ಮಾಡಿದರು. ತಮ್ಮ ಮಿಷನ್ ಹೊಲಿಗೆ ಬಿಚ್ಚಿತ್ತು. ಅಂಚಿನಲ್ಲಿ ಸಣ್ಣ ಕೈಹೊಲಿಗೆ. ಅದು ಯಾರದೆಂದು ಅವರು ಕತ್ತಲಲ್ಲೂ ಹೇಳಬಲ್ಲರು.

"ಏನೇ ಇದು?"

ಹೆಂಡತಿಯ ಕಣ್ಣು ತುಂಬಿತು. "ದಿನಾ ಉಸಿರು ಕಟ್ಟಿ ಒದ್ದಾಡ್ತಿದ್ರಿ, ನೋಡಕ್ಕಾಗ್ಲಿಲ್ಲ. ಒಂಚೂರು ಬಿಚ್ಚಿದೆ. ನೀವು ಮಗು ಥರ ಖುಷಿಪಟ್ರಿ. ಆಮೇಲೆ ನಿಜ ಹೇಳಕ್ಕೆ ಬಾಯೇ ಬರ್ಲಿಲ್ಲ, ಬಿಚ್ತಾನೇ ಹೋದೆ."

"ಕಟ್ಟಿಕೊಂಡ ಗಂಡನಿಗೇ ಮೋಸ! ನನ್ನ ಕಾಲು ಹೋದ್ರೆ ಏನೇ ಗತಿ?"

"ಈ ವಿದ್ಯೆ ನನಗೆ ಕಲಿಸಿದ್ಯಾರು?" ಅವಳು ಒಳಗೆ ಹೋಗಿ ಮಾಸ್ಟರೇ ಹೊಲಿದ ತನ್ನದೊಂದು ಹಳೇ ರವಿಕೆ ತಂದು ತಿರುವಿಹಾಕಿದಳು. ಪಕ್ಕದಲ್ಲಿ ಒಂದರಾಚೆ ಒಂದು ಬಿಚ್ಚಿದ ಹೊಲಿಗೆಯ ಗುರುತು. "ಮದುವೆಯಾದಾಗಿಂದ ನಿನ್ನ ಅಳತೆ ಒಂದಿಂಚೂ ಬದಲಾಗಿಲ್ಲ ಅಂತಿದ್ರಲ್ಲ?"

ಕುಂಬಳಕಾಯಿ ಕಳ್ಳ ಎಂದೊಡನೆ ಮಾಸ್ಟರು ಹೆಗಲು ಮುಟ್ಟಿ ನೋಡಿಕೊಂಡರು. "ನಿನ್ನ ಮನಸ್ಸಿಗೆ ಬೇಜಾರಾಗ್ಬಾರ್ದು ಅಂತ..."

"ಅಳತೆ ಬದಲಾಗಿಲ್ಲ ಅಂತ ನಾನೂ ನಂಬ್ಕೊಂಡಿದ್ದೆ. ಎರಡು ಮೆಟ್ಟಿಲು ಹತ್ತಿದ್ರೆ ಏದುಸಿರು. ಯಾಕಂತ ಗೊತ್ತಾಗ್ದೆ ಒಬ್ಬಳೇ ಹೆದರ್ತಿದ್ದೆ, ಗೊತ್ತಾ?"

ಪ್ರೀತಿ ಎಂದುಕೊಂಡು ಇವಳಿಗೆ ಇಷ್ಟು ವರ್ಷ ಏನು ಮಾಡಿಬಿಟ್ಟೆ ಎಂದು ಮಾಸ್ಟರಿಗೆ ನಾಚಿಕೆಯಾಯಿತು. ಟೇಪು ತಂದು ಹೆಂಡತಿಯ ಸೊಂಟಕ್ಕೆ ಸುತ್ತಿದರು. ಅಳತೆ ಹೇಳುವಾಗ ಬಾಯಿ ರೂಢಿಯಂತೆ ಎರಡಿಂಚು ನುಂಗಿತು.

"ನಿಜ ಹೇಳಿ."

ನಿಜ ಹೇಳಿದರು. ಅವಳು ಅವರ ಕೈಯಿಂದ ಟೇಪು ಕಿತ್ತುಕೊಂಡಳು. ಅದು ಹತ್ತಿರ ಬಂದದ್ದೇ ತಡ, ಮಾಸ್ಟರ ಹೊಟ್ಟೆ ತಾನಾಗೇ ಒಳಗೆ ಸರಿಯಿತು.

"ಉಸಿರು ಬಿಡಿ ಸಾರ್!" ಎಂದಳು ಹೆಂಡತಿ.