ವರ್ಲಿನ್‌ನ ಗಾಡಿ ಕೂತುಬಿಟ್ಟ ಶನಿವಾರ

ವರ್ಲಿನ್ ಸ್ಕೋಗ್‌ಸ್ಟಾಡ್‌ನ ದೊಡ್ಡ ಗಾಡಿ ಗುರುವಾರ ಸಂಜೆ ಮನೆಯ ಮುಂದೆ ನಿಂತಲ್ಲೇ ಉಸ್ಸೆಂದು ಹಿಂಭಾಗ ಇಳಿಸಿ ಕೂತುಬಿಟ್ಟಿತು. ಅದರ ಹಿಂದಿನ ಚಕ್ರಗಳ ಮೇಲೆ ಇದ್ದದ್ದು ಸ್ಪ್ರಿಂಗಲ್ಲ, ಗಾಳಿ ತುಂಬಿದ ರಬ್ಬರ್ ಚೀಲಗಳು. ಎಷ್ಟೇ ಭಾರ ಕಟ್ಟಿದರೂ ಗಾಡಿಯೊಳಗಿನ ಕಂಪ್ಯೂಟರ್ ತಾನಾಗಿಯೇ ಗಾಳಿ ತುಂಬಿ ಬೆನ್ನು ನೆಟ್ಟಗಿಡುತ್ತಿತ್ತು. ಹನ್ನೊಂದು ವರ್ಷ ಊರಿನವರ ದೋಣಿ, ಚಕ್ರದ ಮೇಲಿನ ಮನೆಯಂಥ ಕ್ಯಾರವಾನು, ಕುದುರೆ, ಒಮ್ಮೆ ಇಡೀ ಕೋಳಿಗೂಡನ್ನೇ ಎಳೆದ ಮೇಲೆ ಚೀಲ ಹರಿಯದೆ ಇನ್ನೇನಾದೀತು?

ಬೇರೆಯವರಾಗಿದ್ದರೆ ತಲೆಮೇಲೆ ಕೈಹೊತ್ತು ಕೂರುತ್ತಿದ್ದರು. ವರ್ಲಿನ್ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಮನಸಾರೆ ನಕ್ಕ.

ಪಾಪ, ನಗದೆ ಏನು ಮಾಡಿಯಾನು? ಸೋಮವಾರದಿಂದ ಶುಕ್ರವಾರದವರೆಗೆ ಅವನು ಶಾಲೆಯ ಬಸ್ಸು ಓಡಿಸುತ್ತಾನೆ. ಶನಿವಾರ ಭಾನುವಾರ ಊರಿನವರ ಸಾಮಾನು ಎಳೆಯುತ್ತಾನೆ. ಮೇ ಕೊನೆಯ ಮೂರು ದಿನದ ರಜೆ ಬಂತೆಂದರೆ ಮಿನ್ನೆಸೋಟಾದಲ್ಲಿ ಮನೆಯಲ್ಲಿರುವವನೇ ಇಲ್ಲ, ಎಲ್ಲರೂ ಕೆರೆಗೆ. ಈ ಸಲವಾದರೂ ಮೂರು ದಿನ ಸ್ಟೀರಿಂಗ್ ಮುಟ್ಟದೆ ಸೋಫಾದ ಮೇಲೆ ಅಡ್ಡಾಗಬೇಕು. ಅವನಿಗೆ ಬೇಕಾದದ್ದು ಅಷ್ಟೇ.

ರಜೆಯ ಮೊದಲ ದಿನ, ಶನಿವಾರ ಬೆಳಗ್ಗೆ ಏಳಕ್ಕೆ ಬಾಗಿಲು ಬಡಿದ ಸದ್ದು. ಎದುರು ಮನೆಯ ಆರ್ವಿಲ್ ಗಾಡಿ ಎತ್ತುವ ಜಾಕ್ ಹಿಡಿದು ನಿಂತಿದ್ದ. ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡಿದ್ದು ನಿವೃತ್ತನಾದವನು, ಕೈ ಸುಮ್ಮನಿರದು. ಪಕ್ಕದಲ್ಲಿ ಮೂಲೆಮನೆಯ ಲವಾನ್, ಎಪ್ಪತ್ತರ ಗಟ್ಟಿ ಹೆಂಗಸು, ಕಾಲಬಳಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡಿದ್ದಳು.

"ನಿನ್ನ ಗಾಡಿ ಕೂತಿರೋದು ನೋಡಿ ತಡ್ಕೊಳ್ಳೋಕಾಗ್ಲಿಲ್ಲ ಕಣೋ," ಎಂದ ಆರ್ವಿಲ್. "ಬೀದಿಯವರೆಲ್ಲ ಸೇರಿ ತರಿಸಿದ್ವಿ. ಉಕ್ಕಿನ ಸ್ಪ್ರಿಂಗು! ಗಾಳಿ ಬೇಡ, ಕಂಪ್ಯೂಟರ್ ಬೇಡ. ಇನ್ನು ಜನ್ಮದಲ್ಲಿ ಕೂರಲ್ಲ ಇದು."

"ಅಯ್ಯೋ, ಬೇಡಪ್ಪಾ! ನಿಮಗ್ಯಾಕೆ ತೊಂದರೆ?"

"ತೊಂದರೆ ಏನು ಬಂತು?"

"ನಿಜವಾಗ್ಲೂ ಬೇಡ."

ನಮ್ಮೂರಿನಲ್ಲಿ ಮೊದಲ ಬೇಡ ಮರ್ಯಾದೆಗೆ, ಎರಡನೆಯದು ಕಾಫಿ ಬರುವ ತನಕ. ಮೂರನೆಯದನ್ನು ಯಾರೂ ಹೇಳುವುದಿಲ್ಲ, ಹೇಳಿದರೆ ಎದುರಿನವರು ಮನೆಗೆ ಹೋಗಿ ನೊಂದುಕೊಳ್ಳುತ್ತಾರೆ. ವರ್ಲಿನ್‌ಗೆ ಅಷ್ಟು ಎದೆಗಾರಿಕೆ ಎಲ್ಲಿಂದ ಬರಬೇಕು? ಅವನು ಬೂಟು ಹಾಕಿಕೊಂಡು ಹೊರಗೆ ಬಂದ.

ಎಂಟಕ್ಕೆ ಗಾಡಿ ಎತ್ತಿದರು. ಒಂಬತ್ತಕ್ಕೆ ಜಾಕ್ ಹುಲ್ಲಿನೊಳಗೆ ಹೂತುಹೋಯಿತು. ಹಲಗೆ ಕೊಟ್ಟು ಮತ್ತೆ ಎತ್ತಿದರು. ಹತ್ತಕ್ಕೆ ಆರ್ವಿಲ್ ಹಳೆಯ ಚೀಲ ಕಿತ್ತ. ಅದರಲ್ಲಿ ಉಳಿದಿದ್ದ ಗಾಳಿ ಭುಸ್ಸೆಂದು ನುಗ್ಗಿ, ಹನ್ನೊಂದು ವರ್ಷದ ಧೂಳೆಲ್ಲ ಅವನ ಮುಖಕ್ಕೆ ಬಡಿಯಿತು.

"ಏನಾಯ್ತೋ?" ಎಂದಳು ಲವಾನ್.

"ಏನಿಲ್ಲ, ಚೆನ್ನಾಗಿ ನಡೀತಿದೆ!" ಎಂದ ಆರ್ವಿಲ್, ಕೆಮ್ಮುತ್ತ.

ಮಧ್ಯಾಹ್ನಕ್ಕೆ ಒಂದು ಸ್ಪ್ರಿಂಗು ತಲೆಕೆಳಗಾಗಿ ಕೂತಿದೆಯೆಂದು ಗೊತ್ತಾಯಿತು. ವರ್ಲಿನ್‌ಗೆ ಜೀವ ಬಂದಂತಾಯಿತು. ಯಾರೂ ನೋಡದಾಗ ಒಂದು ಬೋಲ್ಟನ್ನು ಮೆಲ್ಲಗೆ ಜೇಬಿಗಿಳಿಸಿದ. ಮೂವತ್ತು ವರ್ಷ ಮಕ್ಕಳ ಬಸ್ಸು ಓಡಿಸಿದವನು, ಬೇರೆಯವರ ವಸ್ತು ಕದ್ದವನಲ್ಲ. ಇದಾದರೂ ಅವನದೇ ಗಾಡಿಯ ಬೋಲ್ಟು.

ಎಲ್ಲರೂ ಹುಲ್ಲಿನಲ್ಲಿ ಮಂಡಿಯೂರಿ ಮುಕ್ಕಾಲು ಗಂಟೆ ಹುಡುಕಿದರು. ಅಷ್ಟರಲ್ಲಿ ವರ್ಲಿನ್‌ನ ಹೆಂಡತಿ ಮಾರ್ಲಿಸ್ ಕಾಫಿ ತಂದಳು.

"ನಿನ್ನ ಪ್ಯಾಂಟ್ ಯಾಕೋ ಒಂದು ಕಡೆ ಜೋತಿದೆ?" ಎಂದು ಜೇಬಿಗೇ ಕೈಹಾಕಿದಳು. "ಇಲ್ಲೇ ಇದೆಯಲ್ಲೋ!"

"ಸುಸ್ತಾಗಿದಾನೆ ಪಾಪ, ಮರೆವು," ಎಂದಳು ಲವಾನ್. "ಸಂಜೆ ನಮ್ಮ ಜೊತೆ ಕೆರೆಗೆ ಬರ್ಲಿ. ಹೇಗೂ ನನ್ನ ಕ್ಯಾರವಾನ್ ಎಳ್ಕೊಂಡು ಬರ್ತಾನಲ್ಲ."

ನಾಲ್ಕಕ್ಕೆ ಗಾಡಿ ಕೆಳಗಿಳಿಯಿತು. ಬೆನ್ನು ನೆಟ್ಟಗೆ ನಿಂತಿತು, ಗುರುವಾರದಿಂದ ಸ್ಟೀರಿಂಗ್ ಮುಂದೆ ಉರಿಯುತ್ತಿದ್ದ ಎಚ್ಚರಿಕೆಯ ದೀಪವೂ ಆರಿತು. ಬೀದಿಯವರು ಚಪ್ಪಾಳೆ ತಟ್ಟಿದರು. ವರ್ಲಿನ್‌ಗೆ ಮಾತ್ರ ಅಳು ಬರುವುದೊಂದು ಬಾಕಿ. ಆ ಹೊತ್ತಿಗೆ ಅವನಿಗೆ ಹೊಳೆಯಿತು. ಗಾಡಿ ಇದ್ದರೆ ತಾನೆ ಈ ಕಾಟ?

"ಆರ್ವಿಲ್, ಈ ಗಾಡಿ ನೀನೇ ಇಟ್ಕೋ. ನಿನ್ನ ಪುಟ್ಟ ಕಾರು ನನಗೆ ಕೊಡು."

"ಛೆ ಛೆ, ಬೇಡ ಮಾರಾಯ!"

"ತಗೋ."

"ಬೇಡಪ್ಪಾ, ಸರಿಹೋಗಲ್ಲ."

"ತಗೋಳೋ, ನಿನ್ನ ಕೈಯಿಂದಲೇ ಎದ್ದು ನಿಂತಿದ್ದು."

"ಹಾಗಂದ್ರೆ... ನೀನು ಇಷ್ಟು ಹೇಳ್ತಿದೀಯ ಅಂದ್ಮೇಲೆ..."

ಅಡುಗೆಮನೆಯ ಮೇಜಿನ ಮೇಲೆಯೇ ಕಾಗದಗಳಿಗೆ ಸಹಿ ಬಿತ್ತು. ಮನೆ ಮುಂದೆ ಆರ್ವಿಲ್‌ನ ಕಾರು ಬಂದು ನಿಂತಿತು. ಅದು ಒಂದು ಸೈಕಲ್ಲನ್ನೂ ಎಳೆಯಲಾರದು. ವರ್ಲಿನ್ ಅದನ್ನು ಕಣ್ತುಂಬ ನೋಡಿ ಒಳಗೆ ಬಂದ, ಬೂಟು ಕಳಚಿದ, ಸೋಫಾದ ಮೇಲೆ ಉದ್ದಕ್ಕೆ ಚಾಚಿಕೊಂಡ. ಹನ್ನೊಂದು ವರ್ಷದಲ್ಲಿ ಇಂಥ ಸುಖ ಕಂಡಿರಲಿಲ್ಲ.

ಅದು ಹತ್ತು ನಿಮಿಷ ಬಾಳಿತು. ಬಾಗಿಲಲ್ಲಿ ಆರ್ವಿಲ್, ಗಾಡಿಯ ಬೀಗದ ಕೈ ಮುಂದೆ ಚಾಚಿಕೊಂಡು.

"ವರ್ಲಿನ್, ಸ್ವಲ್ಪ ಬಾರೋ. ಟ್ರೇಲರ್ ಕಟ್ಕೊಂಡು ಹಿಂದಕ್ಕೆ ಹೋಗೋದು ನನ್ನ ಕೈಲಾಗಲ್ಲ. ಎಡಕ್ಕೆ ತಿರುಗಿಸಿದ್ರೆ ಅದು ಬಲಕ್ಕೆ ಹೋಗತ್ತೆ. ಲವಾನ್ ಮನೆ ಬೇಲಿ ಮುರಿದೆ."

"ಬೇರೆ ಯಾರಿಗಾದ್ರೂ ಹೇಳಪ್ಪಾ."

"ಈ ಊರಲ್ಲಿ ಅದು ಬರೋದು ನಿನಗೊಬ್ಬನಿಗೇ ಅಲ್ವೇನೋ?"

ಅವನ ಬೆನ್ನಹಿಂದಿನಿಂದ ಲವಾನ್ ಇಣುಕಿದಳು, ಮುಖ ಅರಳಿತ್ತು.

"ಒಳ್ಳೇ ಕೆಲಸ ಮಾಡಿದೆ ಕಣಪ್ಪಾ! ಇಷ್ಟು ವರ್ಷ ನಿನ್ನ ಗಾಡಿ ಸವೆಯತ್ತಲ್ಲ ಅಂತ ಎಷ್ಟೋ ಜನ ನಾಚ್ಕೊಂಡು ಕೇಳ್ತಾನೇ ಇರ್ಲಿಲ್ಲ. ಈಗ ಗಾಡಿ ಆರ್ವಿಲ್‌ದು. ನಿನ್ನದು ಬರೀ ಕೈ ತಾನೆ?"

ವರ್ಲಿನ್ ಕಿಟಕಿಯ ಪರದೆ ಸರಿಸಿದ. ದೋಣಿ, ಕ್ಯಾರವಾನುಗಳ ಸಾಲು ಬೀದಿಯ ತಿರುವಿನವರೆಗೂ ನಿಂತಿತ್ತು. ಅವುಗಳ ಪಕ್ಕ ನಿಂತು ಅವನಿಗೆ ಕೈಬೀಸುತ್ತಿದ್ದವರಲ್ಲಿ ಅರ್ಧ ಜನರನ್ನು ಅವನು ಈ ತನಕ ನೋಡಿಯೇ ಇರಲಿಲ್ಲ.