ಅರಮನೆಗೆ ಬಿದ್ದ ಬೆಂಕಿ ಮತ್ತು ನನ್ನ ಆರು ಜನ

ಐವತ್ತಾರು ವಯಸ್ಸಿನ, ಬೋಳುತಲೆಯ, ಹೊಟ್ಟೆ ಬಂದ ಗಂಡಸೊಬ್ಬ ನೆಲದ ಮೇಲೆ ಬೋರಲು ಮಲಗಿ ಆಟದ ಗೊಂಬೆಗಳ ಫೋಟೋ ತೆಗೆದರೆ ಲೋಕಕ್ಕೇನು ನಷ್ಟ? ಈ ಪ್ರಶ್ನೆಯನ್ನು ನಾನು ಹೆಂಡತಿಯ ಹತ್ತಿರವೂ ಕೇಳಿದ್ದೇನೆ, ಪಾಂಡವಪುರದ ನನ್ನ ಕಚೇರಿಯಲ್ಲೂ ಕೇಳಿದ್ದೇನೆ. ಉತ್ತರ ಯಾರೂ ಕೊಟ್ಟಿಲ್ಲ, ಎಲ್ಲರೂ ನಕ್ಕಿದ್ದಾರೆ. ನಗಲಿ. ಭಾನುವಾರವೆಲ್ಲ ಟಿವಿ ಮುಂದೆ ಕೂತು ಕ್ರಿಕೆಟ್ಟಿನವರಿಗೆ ಬುದ್ಧಿ ಹೇಳುವವರನ್ನು ಯಾರೂ ಹುಚ್ಚರೆನ್ನುವುದಿಲ್ಲ. ನನ್ನ ಹತ್ತಿರ ಇರುವುದು ಕಿರುಬೆರಳಿನ ಅರ್ಧದಷ್ಟು ಎತ್ತರದ ಆರು ಜನ ಬೆಂಕಿ ಆರಿಸುವವರು, ಒಂದು ಕೆಂಪು ಗಾಡಿ, ಒಂದು ಹಳೆಯ ಕ್ಯಾಮೆರಾ. ಇವರ ಕೈಲಿ ಪುಟ್ಟ ಪುಟ್ಟ ಬೆಂಕಿ ಆರಿಸಿ, ನೋಡಿದವರು ನಿಜವೆಂದು ಬೆಚ್ಚುವ ಹಾಗೆ ಫೋಟೋ ತೆಗೆಯುವುದು ನನ್ನ ಚಟ. ಬಿಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಉಪದೇಶಕ್ಕೆ ಬರಬೇಡಿ.

ಶ್ರೀರಂಗಪಟ್ಟಣದಲ್ಲಿ ನಮ್ಮದು ಅಕ್ಕಸಾಲಿಗರ ಮನೆ. ಅಪ್ಪ ಬದುಕಿಡೀ ಊದುಗೊಳವೆ ಬಾಯಿಗಿಟ್ಟುಕೊಂಡು ಬೆಂಕಿ ಊದಿದರು. ನಾನು ಗುಮಾಸ್ತನಾದೆ. "ಬೆಂಕಿ ಊದೋ ಮನೇಲುಟ್ಟಿ ಬೆಂಕಿ ಆರ್ಸೋರ ಜೊತೆ ಸೇರ್ಕಂಡವ್ನೆ" ಎಂದು ಚಿಕ್ಕಪ್ಪ ಇವತ್ತಿಗೂ ಬೈಯುತ್ತಾರೆ. ಆದರೆ ಅಪ್ಪನ ಸಾಮಾನುಗಳನ್ನು ನಾನು ವ್ಯರ್ಥ ಮಾಡಿಲ್ಲ. ಅವರ ಚಿಮಟದಲ್ಲೇ ನನ್ನ ಆರು ಜನರನ್ನು ಎತ್ತಿ ನಿಲ್ಲಿಸುವುದು, ಅವರ ಊದುಗೊಳವೆಯಲ್ಲೇ ಊದುಬತ್ತಿಯ ಹೊಗೆಯನ್ನು ಬೇಕಾದ ಕಡೆಗೆ ತಿರುಗಿಸುವುದು. ಪೊರಕೆಕಡ್ಡಿ ನೆಟ್ಟು ಕೆ.ಆರ್. ಪೇಟೆಯ ಕಬ್ಬಿನ ಗದ್ದೆ ಮಾಡಿದ್ದೇನೆ. ಪಾತ್ರೆ ಉಜ್ಜುವ ನಾರಿನಿಂದ ನಾಗಮಂಗಲದ ತೆಂಗಿನನಾರಿನ ರಾಶಿ ಮಾಡಿದ್ದೇನೆ. ಗಾಡಿಗೆ ನೀರು ಬೇಕಲ್ಲ, ಅದಕ್ಕೆ ಸ್ಟೀಲಿನ ತಟ್ಟೆಯಲ್ಲಿ ತೊಣ್ಣೂರು ಕೆರೆಯನ್ನೇ ತುಂಬಿಸಿಟ್ಟಿರುತ್ತೇನೆ.

ಬಾಬುರಾಯನಕೊಪ್ಪಲಿನ ನನ್ನ ಗೆಳೆಯ ಶಿವಲಿಂಗ ಅಗ್ನಿಶಾಮಕ ದಳದಲ್ಲಿದ್ದು ನಿವೃತ್ತನಾದವನು. ಅವನಿಗೊಮ್ಮೆ ಫೋಟೋಗಳನ್ನು ತೋರಿಸಿದೆ. ಕನ್ನಡಕ ಏರಿಸಿ, ಇಳಿಸಿ, ಎಲ್ಲವನ್ನೂ ನೋಡಿದ. "ಎಲ್ಲಾ ಸರಿ ಕಣ್ಲಾ, ಜನ ಎಲ್ಲವ್ರೆ? ಮೊಬೈಲ್ ಇಡ್ಕಂಡು ಗಾಡಿಗೆ ಅಡ್ಡ ನಿಂತ್ಕಳೋ ಒಬ್ನಾದ್ರೂ ಬ್ಯಾಡ್ವಾ? ಅಂಥೋನಿಲ್ದಿರೋ ಬೆಂಕಿಯ ನಾನು ಸರ್ವೀಸಲ್ಲೇ ಕಂಡಿಲ್ಲ" ಎಂದ. ನನಗೆ ಸಿಟ್ಟು ಬಂತು. ಅಂಥ ಬೇಜವಾಬ್ದಾರಿ ಮನುಷ್ಯನಿಗೆ ನನ್ನ ಚಿತ್ರದಲ್ಲಿ ಜಾಗವಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ.

ಇನ್ನು ನನ್ನ ಹೆಂಡತಿ ರತ್ನ. ದಸರೆಯಲ್ಲಿ ಇವಳು ಗೊಂಬೆ ಕೂರಿಸುತ್ತಾಳೆ. ಒಂಬತ್ತು ದಿನ ಹಜಾರದ ತುಂಬ ರಾಜ, ರಾಣಿ, ಆನೆ, ಸೈನ್ಯ. ಅವಕ್ಕೆಲ್ಲ ಆರತಿ, ಬೀದಿಗೆಲ್ಲ ಚರುಪಿನ ತಿಂಡಿ. ಅದು ಭಕ್ತಿ, ನನ್ನದು ಹುಚ್ಚು! ಇದ್ಯಾವ ನ್ಯಾಯ ಸ್ವಾಮಿ? ಅವಳ ಗೊಂಬೆಗಳ ನಡುವೆ ಕೂರುವುದು ಒಂದು ಅರಮನೆ. ಮನೆಗೆ ಬಂದ ಮದುವೆ ಕರೆಯೋಲೆಗಳನ್ನು ಕತ್ತರಿಸಿ, ಅಂಟಿಸಿ, ಮೂರು ಬೇಸಿಗೆ ಕೂತು ಮಾಡಿದ್ದು. ಅದನ್ನು ನೋಡಲೆಂದೇ ಕೊಪ್ಪಲಿನಿಂದ ಹೆಂಗಸರು ಬರುತ್ತಾರೆ. ಅದರ ಕಿಟಕಿಗಳು ನನ್ನ ಆರು ಜನರ ಎತ್ತರಕ್ಕೆ ಅಳತೆ ಕೊಟ್ಟು ಮಾಡಿಸಿದ ಹಾಗಿವೆ. ನನ್ನ ನೋಟ ಆ ಕಡೆ ಹೊರಳಿದ್ದನ್ನು ಕಂಡೇ ಅವಳು, "ರೀ, ಅರಮ್ನೆ ಮುಟ್ಬುಟ್ರೆ ನಿಮ್ ಆರು ಜನವ ನೀರೊಲೆಗಾಕ್ಬುಡ್ತೀನಿ, ಮೊದ್ಲೇ ಯೋಳ್ಬುಟ್ಟಿವ್ನಿ" ಎಂದಿದ್ದಳು.

ಹಬ್ಬಕ್ಕೆ ನಾಲ್ಕು ದಿನವಿದೆ ಎನ್ನುವಾಗ, ಭಾನುವಾರ, ಅರಮನೆಯನ್ನು ಪೆಟ್ಟಿಗೆಯಿಂದ ತೆಗೆದು ಧೂಳು ಒರೆಸಿಟ್ಟು, ಅವಳು ನಾಗಮಂಗಲದ ತವರಿಗೆ ಹೋದಳು. ನನಗೆ ಯಾರಾದರೂ ಬೇಡ ಎಂದರೆ ಆಗಿಬರುವುದಿಲ್ಲ. ಬಸ್ಸು ಹೊರಟಿತೋ ಇಲ್ಲವೋ, ಅರಮನೆ ನೆಲಕ್ಕಿಳಿಯಿತು. ಮೊದಲು ಒಳಗೆ ಕೆಂಪು ಬಲ್ಬು ಇಟ್ಟೆ, ಜಾತ್ರೆಯ ಸೋಡಾ ಅಂಗಡಿಯ ಹಾಗೆ ಕಂಡಿತು. ಆಮೇಲೆ ಒಂದು ಚೂರು ಕರ್ಪೂರ. ಒಂದೇ ಚೂರು, ದೇವರಾಣೆ. ಕರೆಯೋಲೆಯ ಜರಿ ಅಂಚು ಚುರ್ ಎಂದು ಹತ್ತಿಕೊಂಡಿತು.

ಬುದ್ಧಿಯಿದ್ದವನು ಆಗ ಏನು ಮಾಡುತ್ತಾನೆಂದು ನನಗೆ ಗೊತ್ತು. ಆದರೆ ಕ್ಯಾಮೆರಾದಲ್ಲಿ ನೋಡಿದರೆ, ಆಹಾ, ಆರೂ ಜನರ ಹೆಲ್ಮೆಟ್ಟಿನ ಮೇಲೆ ನಿಜವಾದ ಬೆಂಕಿಯ ಬೆಳಕು! ಫೋಟೋ ತೆಗೆದೆ. ಒಂದಲ್ಲ, ಮೂರು. ಮೂರನೆಯದಾದ ಮೇಲೆ ಮೂಗಿಗೆ ಕಾವು ತಾಗಿ ಎಚ್ಚರವಾಯಿತು. ಕೈಗೆ ಸಿಕ್ಕಿದ್ದು ಊದುಗೊಳವೆ. ಉಫ್ ಎಂದು ಆರಿಸಲು ಹೋದೆ. ನಾಲ್ಕು ತಲೆಮಾರು ಬೆಂಕಿ ಎಬ್ಬಿಸಿದ ಕೊಳವೆ ಅದು, ಆರಿಸುವುದು ಅದಕ್ಕೆಲ್ಲಿ ಗೊತ್ತು? ಭರ್ ಎಂದು ಗೋಪುರಕ್ಕೇ ಏರಿತು. ಕೊನೆಗೆ ತೊಣ್ಣೂರು ಕೆರೆಯನ್ನು ಎರಡು ಕೈಯಲ್ಲಿ ಎತ್ತಿ ಸುರಿದೆ. ಅಷ್ಟರಲ್ಲಿ ಎರಡು ಕಿಟಕಿ, ಒಂದು ಗೋಪುರ ಹೋಗಿತ್ತು.

ಸುಟ್ಟ ಭಾಗವನ್ನು ಗೋಡೆಗೆ ತಿರುಗಿಸಿಟ್ಟೆ. ಸಂಜೆ ರತ್ನ ಹೊಸಿಲು ದಾಟುತ್ತಲೇ ಮೂಗರಳಿಸಿದಳು. "ಏನ್ರೀ, ಕರ್ಪೂರದ ವಾಸ್ನೆ?"

"ಪೂಜೆ ಮಾಡ್ದೆ" ಎಂದೆ.

ಮದುವೆಯಾದಾಗಿನಿಂದ ನಾನಾಗಿ ಪೂಜೆ ಮಾಡಿದವನಲ್ಲ. ಅವಳು ನೆಟ್ಟಗೆ ಅರಮನೆಯ ಹತ್ತಿರ ಹೋದಳು. ಕೂಗಾಡಲಿಲ್ಲ. ಕರಿ ಹಿಡಿದ ಗೋಪುರವನ್ನು ಬೆರಳಲ್ಲಿ ಸವರಿ, "ಇದು ನಮ್ ಮದ್ವೆ ಕಾರ್ಡು ಕಣ್ರೀ. ನಮ್ಮವ್ವ ಎತ್ತಿಟ್ಟಿದ್ದಿದ್ದು" ಎಂದಳು. ತಪ್ಪಾಯ್ತು ಎನ್ನಬೇಕಿತ್ತು. ನನ್ನ ಹಾಳು ಬಾಯಿಗೆ ಬಂದದ್ದು, "ಆರಿಸಿದ್ದೂ ನಾನೇ" ಎನ್ನುವ ಮಾತು.

ಅವಳು ನನ್ನ ಆರು ಜನರನ್ನೂ ಗಾಡಿಯನ್ನೂ ಡಬ್ಬಿಗೆ ಹಾಕಿಕೊಂಡು ಒಳಗೆ ಹೋದಳು. ಮೂರು ದಿನವೂ ಸ್ನಾನಕ್ಕೆ ಹೋದಾಗ ನೀರೊಲೆಯ ಬೂದಿ ಕೆದಕಿ ನೋಡುತ್ತಿದ್ದೆ. ಕೇಳಲಿಲ್ಲ. ಕೇಳಿದರೆ ಸೋತ ಹಾಗಲ್ಲವೆ?

ಹಬ್ಬದ ಮೊದಲ ದಿನ ಕಚೇರಿಯಿಂದ ಬಂದರೆ ಹಜಾರದ ತುಂಬ ಜನ. ನಡುವೆ ಅರಮನೆ, ಸುಟ್ಟ ಮುಖ ಈಚೆಗೆ! ಅದರ ಸುತ್ತ ನನ್ನ ಆರು ಜನ. ಇಬ್ಬರು ಏಣಿಯ ಮೇಲೆ, ನಾಲ್ವರು ನೀರಿನ ಪೈಪು ಹಿಡಿದು. "ರತ್ನಕ್ಕ, ನಿಜ್ವಾಗ್ಲೂ ಸುಟ್ಟೋದಂಗೇ ಐತಲ್ಲ, ಎಂಗ್ ಮಾಡಿದ್ರಿ?" ಎಂದು ಒಬ್ಬಾಕೆ ಕೇಳಿದಳು. "ನಮ್ಮೆಜಮಾನ್ರು ಸ್ಯಾನೆ ಕಷ್ಟ ಬಿದ್ದವ್ರೆ" ಎಂದಳು ರತ್ನ. ನನ್ನ ಎದೆ ಉಬ್ಬಿತು. ಹತ್ತಿರ ಹೋಗಿ ನೋಡಿದೆ. ಗಾಡಿಗೆ ಅಡ್ಡವಾಗಿ ಜೇಡಿಮಣ್ಣಿನ ಏಳನೆಯವನೊಬ್ಬ ನಿಂತಿದ್ದ. ಬೋಳುತಲೆ, ಮುಂದೆ ಬಂದ ಹೊಟ್ಟೆ, ಬಿಳಿ ಪಂಚೆ, ಕೈಯಲ್ಲಿ ಕರಿ ಕಾಗದದ ಮೊಬೈಲು. ನಾನು ಮೂರು ಫೋಟೋ ತೆಗೆದ ಸಂಗತಿಯನ್ನು ಅವಳಿಗೆ ಹೇಳಿಯೇ ಇರಲಿಲ್ಲ.

ಹಿಂದಿನಿಂದ ಶಿವಲಿಂಗ ಬೆನ್ನಿಗೆ ಗುದ್ದಿದ. "ಈಗ ಸರ್ಯಾಯ್ತು ನೋಡ್ಲಾ! ಜನ ಬಂದ್ರು!"

ಸುಮ್ಮನಿರುವ ಜಾತಿಯವನಲ್ಲ ನಾನು. ಎಲ್ಲರೂ ಹೋದ ಮೇಲೆ ರತ್ನಳನ್ನು ಕರೆದು, "ನೋಡು, ನಾನು ಮೊಬೈಲಲ್ಲಿ ತೆಗೆಯೋನಲ್ಲ, ಕ್ಯಾಮೆರಾದಲ್ಲಿ ತೆಗೆಯೋನು. ತೋರಿಸೋದಾದ್ರೆ ಸರಿಯಾಗಿ ತೋರ್ಸು" ಎಂದೆ. "ಆಯ್ತು ಬುಡಿ" ಎಂದಳು.

ಬೆಳಿಗ್ಗೆ ಎದ್ದಾಗ ಮಣ್ಣಿನವನ ಕೈಯಲ್ಲಿ ಚೌಕನೆಯ ಪುಟ್ಟ ಕ್ಯಾಮೆರಾ ಇತ್ತು. ಗೆದ್ದೆ ಎಂದುಕೊಂಡು ನೆಲಕ್ಕೆ ಬೋರಲು ಬಿದ್ದು, ನನ್ನ ಕ್ಯಾಮೆರಾ ಹತ್ತಿರ ಹಿಡಿದು ನೋಡಿದೆ. ಅವನ ಕ್ಯಾಮೆರಾದ ಒಂದು ಮಗ್ಗುಲಿಗೆ ಕಂದು ಬಣ್ಣದ, ಒರಟಾದ ಪಟ್ಟಿ. ಬೆಂಕಿಪೊಟ್ಟಣ ಕತ್ತರಿಸಿ ಮಾಡಿದ್ದಳು.

ಫೋಟೋ ತೆಗೆದೆ. ಒಂದಲ್ಲ, ಮೂರು.